ಮನೆಯಂಗಳದ ಗಂಧತೃಣ

ಒಂದು ವಸ್ತುವನ್ನು ಅತ್ಯಲ್ಪವೆಂದು ಹೇಳಬೇಕಾದಾಗ 'ತೃಣಸಮಾನ'ವೆನ್ನುವುದು ನಮ್ಮ ನುಡಿಯ ರೂಢಿ. ಹುಲ್ಲುಕಡ್ಡಿಗೂ ಬೆಲೆಯುಂಟು, ಇದಕ್ಕಿಲ್ಲವೆಂಬ ಮಾತೂ ಹಳ್ಳಿಗರ ಬಾಯಲ್ಲಿ ಕೇಳಿಬರುತ್ತದೆ. ಆದರೆ ಮಾನವನ ಬಾಳು ನಿಂತಿರುವುದೇ ತೃಣಕುಲದ ಮೇಲೆ ಎಂಬುದನ್ನು ಸಸ್ಯಶಾಸ್ತ್ರವನ್ನು ಬಲ್ಲವರು ಅರಿಯದವರಲ್ಲ. ಬತ್ತ, ಜೋಳ, ರಾಗಿ, ನವಣೆ, ಕಬ್ಬು, ಬಿದಿರು ಇವೆಲ್ಲವೂ ಹುಲ್ಲಿನ ಜಾತಿಗೆ ಸೇರಿದವು. ಅನ್ನವಾಗುವ ಹುಲ್ಲು, ಸೂರಾಗುವ ಹುಲ್ಲು, ದನಗಳ ಮೇವಾಗುವ ಹುಲ್ಲು ಇರುವಂತೆಯೇ ಗಂಧವನ್ನು ಒಡಲಲ್ಲಿ ಇರಿಸಿಕೊಂಡಿರುವ ಹುಲ್ಲುಗಳೂ ಉಂಟು. ಬೇಸಗೆಯಲ್ಲಿ ನೀರಿನ ಗಡಿಗೆಗೆ ಹಾಕುವ ಲಾವಂಚದ ಬೇರು ಎಲ್ಲರಿಗೂ ಪರಿಚಿತವಾದುದು. ಅದರ ದೂರದ ಬಂಧುವಾದ ಸಿಟ್ರೊನೆಲ್ಲಾ ಹುಲ್ಲು ಈಚಿನ ದಶಕಗಳಲ್ಲಿ ನಮ್ಮ ಮನೆಯಂಗಳಗಳಿಗೆ ಬಂದು ಸೇರಿದೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಮನೆಯ ಮುಂದೆ ಈ ಹುಲ್ಲನ್ನು ನೆಡುವ ಆಸಕ್ತಿ ಹುಟ್ಟಲು ಕಾರಣ ಅದರ ಗಂಧ ಮಾತ್ರವಲ್ಲ. 'ಇದು ಸೊಳ್ಳೆಯನ್ನು ಓಡಿಸುವ ಗಿಡ' ಎಂಬ ಪ್ರತೀತಿ. ಮಳೆಗಾಲ ಬಂತೆಂದರೆ ಮಕ್ಕಳಿಗೆ ಜ್ವರ ತಗುಲೀತೆಂಬ ಭಯ ಪ್ರತಿಯೊಂದು ಮನೆಯಲ್ಲೂ ಇರುವಾಗ, ಇಂತಹ ಗಿಡವೊಂದು ಕಡಿಮೆ ಬೆಲೆಗೆ ದೊರೆತರೆ ತಾಯಿತಂದೆಗಳು ಅದನ್ನು ತಂದು ನೆಡುವುದು ಸಹಜವೇ. ಆದುದರಿಂದ ಈ ಹುಲ್ಲು ಯಾವುದು, ಅದನ್ನು ಬೆಳೆಸುವ ಕ್ರಮವೇನು, ಅದರಿಂದ ಆಗುವ ಉಪಯೋಗವೆಷ್ಟು, ಆಗದೆ ಇರುವುದೇನು ಎಂಬ ನಾಲ್ಕು ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿಚಾರಿಸಲಾಗಿದೆ. ಇವುಗಳಲ್ಲಿ ನಾಲ್ಕನೆಯದೇ ಮುಖ್ಯವಾದುದು.

ಹೆಸರಿನ ವಿಚಾರ

ಸುಗಂಧತೃಣಗಳು ನಮ್ಮ ಪ್ರಾಚೀನರಿಗೆ ಹೊಸತಲ್ಲ. ಅಮರಕೋಶದ ವನೌಷಧಿವರ್ಗದಲ್ಲಿ ಲಾವಂಚಕ್ಕೆ ಉಶೀರ, ಲಾಮಜ್ಜಕ ಮೊದಲಾದ ಹೆಸರುಗಳಿವೆ. ಕನ್ನಡದ 'ಲಾವಂಚ'ವು ಈ ಲಾಮಜ್ಜಕ ಶಬ್ದದೊಡನೆ ಸಂಬಂಧವುಳ್ಳದ್ದೆಂಬುದು ಕಿವಿಗೇ ತಿಳಿಯುತ್ತದೆ. ಅದೇ ವರ್ಗದಲ್ಲಿ ಕತ್ತೃಣ, ಸೌಗಂಧಿಕ, ರೌಹಿಷ, ಭೂಸ್ತೃಣ ಎಂಬ ಹೆಸರುಗಳೂ ದೊರೆಯುತ್ತವೆ. ಇವು ಎಲೆಯಲ್ಲಿ ಗಂಧವುಳ್ಳ ಹುಲ್ಲುಗಳನ್ನು ಸೂಚಿಸುವ ಪದಗಳು. ಕನ್ನಡದಲ್ಲಿಯೇ ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವೆಂಬ ಗ್ರಂಥದಲ್ಲಿ ವೃಕ್ಷಾಯುರ್ವೇದ, ಪಾಕಶಾಸ್ತ್ರಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಯೂ ನಿರೂಪಿತವಾಗಿದೆ. ಗಿಡವನ್ನು ಬೆಳೆಸುವ ವಿದ್ಯೆಯನ್ನೂ ಗಂಧವನ್ನು ತೆಗೆಯುವ ವಿದ್ಯೆಯನ್ನೂ ಲೋಕಕ್ಕೆ ಉಪಕಾರವಾಗುವ ಒಂದೇ ಗ್ರಂಥದಲ್ಲಿ ಹೇಳಬೇಕೆಂಬ ಆ ಕವಿಯ ದೃಷ್ಟಿ ಗಮನಾರ್ಹವಾದುದು.

ಆಧುನಿಕ ಸಸ್ಯಶಾಸ್ತ್ರವು ಈ ಹುಲ್ಲುಗಳನ್ನು 'ಸಿಂಬೊಪೊಗಾನ್' ಎಂಬ ಕುಲದಲ್ಲಿ ಸೇರಿಸಿದೆ. ಗ್ರೀಕ್ ಭಾಷೆಯ 'ದೋಣಿ' ಹಾಗೂ 'ಗಡ್ಡ' ಎಂಬ ಎರಡು ಪದಗಳು ಕೂಡಿ ಈ ಹೆಸರಾಗಿದೆ. ಹೂದೆನೆಯನ್ನು ಅಪ್ಪಿಕೊಂಡಿರುವ ದೋಣಿಯಾಕಾರದ ಪೊರೆಯೂ, ತೆನೆಯ ಮೇಲಣ ಗಡ್ಡದಂತಹ ರೋಮಗಳೂ ಇದಕ್ಕೆ ಕಾರಣ. ಸಿಟ್ರೊನೆಲ್ಲಾದಲ್ಲಿ ಎರಡು ಬಗೆಗಳಿವೆ. ಒಂದು ಸಿಂಹಳದ ಬಗೆ; ಇದನ್ನು ಲಿನೇಯಸನು 1753ರಲ್ಲಿಯೇ 'ನಾರ್ಡಸ್' ಎಂಬ ಹೆಸರಿನಿಂದ ವರ್ಣಿಸಿದನು. ಇನ್ನೊಂದು ಜಾವಾದ ಬಗೆ. ಇದಕ್ಕೆ 'ವಿಂಟರಿಯಾನಸ್' ಎಂದು ಹೆಸರು. ಭಾರತದಲ್ಲಿ ತೈಲಕ್ಕಾಗಿ ಬೆಳೆಸುವುದು ಹೆಚ್ಚಾಗಿ ಈ ಎರಡನೆಯದನ್ನೇ. ಸಿಟ್ರೊನೆಲ್ಲಾ ಎಂಬ ಪದ ನಿಂಬೆಯನ್ನು ನೆನಪಿಸುವ ಫ್ರೆಂಚ್ ಮಾತಿನಿಂದ ಬಂದುದು. ಕನ್ನಡದಲ್ಲಿ ಕೆಲವೆಡೆ ಇದನ್ನು ಗಂಜಣಿ ಹುಲ್ಲು ಎನ್ನುವುದುಂಟು.

ಸೋದರ ಹುಲ್ಲುಗಳು

ಹೆಸರಿನ ಗೊಂದಲದಿಂದ ಬಳಕೆಯಲ್ಲಿ ಪ್ರಮಾದವಾಗುವ ಸಂಭವವಿರುವುದರಿಂದ, ಒಂದೇ ಕುಲದ ಮೂರು ಹುಲ್ಲುಗಳನ್ನು ಬೇರೆ ಬೇರೆಯಾಗಿ ಅರಿಯುವುದು ಅವಶ್ಯಕ.

ಮೊದಲನೆಯದು ಮಜ್ಜಿಗೆ ಹುಲ್ಲು ಅಥವಾ ನಿಂಬೆ ಹುಲ್ಲು. ಇದು ಅಡಿಗೆಮನೆಯ ಹುಲ್ಲು. ಮಜ್ಜಿಗೆಗೆ, ಕಷಾಯಕ್ಕೆ, ಚಹಕ್ಕೆ ಹಾಕುವುದು ಇದನ್ನೇ. ಇದರ ತೈಲದಲ್ಲಿ 'ಸಿಟ್ರಾಲ್' ಎಂಬ ಅಂಶ ನೂರಕ್ಕೆ ಎಪ್ಪತ್ತೈದರ ಆಸುಪಾಸಿನಲ್ಲಿರುತ್ತದೆ. ಎಲೆಯನ್ನು ಉಜ್ಜಿದರೆ ಶುದ್ಧವಾದ ನಿಂಬೆಯ ವಾಸನೆ ಬರುತ್ತದೆ. ಬುಡ ಹಸಿರು ಬೆರೆತ ಬಿಳುಪು.

ಎರಡನೆಯದು ಸಿಟ್ರೊನೆಲ್ಲಾ. ಇದರ ಬುಡದ ಪೊರೆಯಲ್ಲಿ ಕೆಂಪು ಅಥವಾ ನೇರಳೆಯ ಛಾಯೆ ಇರುತ್ತದೆ. ಉಜ್ಜಿದಾಗ ಬರುವ ವಾಸನೆ ನಿಂಬೆಯನ್ನು ಹೋಲಿದರೂ ಅದಕ್ಕಿಂತ ಕಟುವಾಗಿದ್ದು ಸಾಬೂನಿನ ನೆನಪನ್ನು ತರುತ್ತದೆ. 'ಸಿಟ್ರೊನೆಲ್ಲಾಲ್', 'ಜಿರೇನಿಯಾಲ್', ಮದ್ಯಸಾರರೂಪದ 'ಸಿಟ್ರೊನೆಲ್ಲೋಲ್' ಇವು ಇದರ ತೈಲದ ಮುಖ್ಯಾಂಶಗಳು. ಇದು ಸಾಬೂನು, ಸುಗಂಧದ್ರವ್ಯ, ನೆಲ ತೊಳೆಯುವ ದ್ರಾವಣಗಳಿಗೆ ಒದಗುವ ಹುಲ್ಲೇ ಹೊರತು ಚಹದ ಪಾತ್ರೆಗೆ ಹಾಕತಕ್ಕದ್ದಲ್ಲ.

ಮೂರನೆಯದು ಪಾಮರೋಸಾ. ಇದರ ತೈಲಕ್ಕೆ ಗುಲಾಬಿಯನ್ನು ಹೋಲುವ ಗಂಧವಿದೆ. ಇದನ್ನು ಬೀಜದಿಂದಲೂ ಬೆಳೆಸಬಹುದು.

ಇವುಗಳಲ್ಲದೆ 'ಸೊಳ್ಳೆಗಿಡ'ವೆಂಬ ಹೆಸರಿನಿಂದ ಇನ್ನೊಂದು ಗಿಡ ಮಾರಾಟವಾಗುವುದುಂಟು. ಅದು ಹುಲ್ಲೇ ಅಲ್ಲ. ಸೀಳಿದ ದುಂಡೆಲೆಗಳುಳ್ಳ ಜಿರೇನಿಯಂ ಜಾತಿಯ ಹೂಗಿಡ. ಎಲೆಯನ್ನು ಹಿಸುಕಿದರೆ ಸಿಟ್ರೊನೆಲ್ಲಾದ ವಾಸನೆ ಬರುವುದರಿಂದ ಈ ಹೆಸರು. ಈ ಗಿಡವನ್ನು ಪಕ್ಕದಲ್ಲಿಟ್ಟುಕೊಂಡರೂ ಸೊಳ್ಳೆಗಳು ಕಚ್ಚುವುದು ಕಡಿಮೆಯಾಗಲಿಲ್ಲವೆಂದು 1996ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿಕೊಟ್ಟಿದೆ. ನೀಳವಾದ ಎಲೆಯುಳ್ಳ ಹುಲ್ಲಿನ ಗುಂಪನ್ನು ನೋಡಿ ಕೊಳ್ಳುವುದು ಲೇಸು.

ನಾಲ್ಕು ತಾಲ್ಲೂಕುಗಳ ನೆಲ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚಿತವಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದುದು ಈಚೆಗೆ. ಆಡಳಿತ ಇವುಗಳನ್ನು ಒಂದುಗೂಡಿಸಿದ್ದರೂ ನೆಲದ ಗುಣ ಒಂದೇ ಆಗಿಲ್ಲ.

ಚನ್ನಗಿರಿಯ ಸೀಮೆ ಸೂಳೆಕೆರೆ ಎಂದು ಪ್ರಸಿದ್ಧವಾದ ಶಾಂತಿಸಾಗರ, ಭದ್ರಾ ನಾಲೆ, ಅಡಿಕೆ ತೋಟಗಳ ಸೀಮೆ. ಇಲ್ಲಿ ನೀರಿಗೆ ಕೊರತೆ ಕಡಿಮೆ. ಆದರೆ ತೋಟದ ನೆರಳು ಹೆಚ್ಚು. ಸಿಟ್ರೊನೆಲ್ಲಾ ಬಿಸಿಲನ್ನು ಬಯಸುವ ಹುಲ್ಲು. ಅಡಿಕೆಯ ಮರಗಳ ಅಡಿಯಲ್ಲಿ ನೆಟ್ಟರೆ ಅದು ಸೊರಗಿ ಎಳಸಾಗಿ ಬೆಳೆಯುತ್ತದೆ; ತೈಲದ ಅಂಶವೂ ಕುಗ್ಗುತ್ತದೆ. ತೋಟದ ಅಂಚು, ಬಿಸಿಲು ಬೀಳುವ ಬದು, ಕಣದ ಮಗ್ಗುಲು ಇದಕ್ಕೆ ತಕ್ಕ ಜಾಗ.

ಹೊನ್ನಾಳಿಯು ತುಂಗಭದ್ರೆಯ ದಡದಲ್ಲಿದೆ. ನದಿಯ ಬಯಲಿನಲ್ಲಿಯೂ ನಾಲೆಯ ಬಯಲಿನಲ್ಲಿಯೂ ಬತ್ತದ ಗದ್ದೆಗಳಿವೆ. ಬುಡದಲ್ಲಿ ನೀರು ನಿಂತರೆ ಈ ಹುಲ್ಲಿನ ಎಲೆ ಹಳದಿಯಾಗಿ ಬೇರು ಕೊಳೆಯುವುದರಿಂದ ಇಲ್ಲಿ ಏರುಮಡಿ ಮಾಡಿ ನೆಡಬೇಕು.

ನ್ಯಾಮತಿಯ ಸೀಮೆಯಲ್ಲಿ ಮಳೆಯನ್ನು ನಂಬಿದ ಮೆಕ್ಕೆಜೋಳದ ಹೊಲಗಳೂ ಗುಡ್ಡದ ಇಳಿಜಾರುಗಳೂ ಇವೆ. ಸುಗಂಧಪುಷ್ಪದ ವೃಕ್ಷವೊಂದರ ಹೆಸರನ್ನೇ ಹೊತ್ತ ಸುರಹೊನ್ನೆ ಗ್ರಾಮವೂ ಈ ಭಾಗದಲ್ಲಿಯೇ ಇದೆ. ಇಳಿಜಾರಿನ ಬದುಗಳ ಮೇಲೆ ಸಾಲಾಗಿ ನೆಟ್ಟ ಸಿಟ್ರೊನೆಲ್ಲಾದ ದಟ್ಟವಾದ ಬೇರು ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ. ಅದರ ಕಟುವಾಸನೆಯಿಂದ ದನಕರುಗಳು ಬಲಿತ ಎಲೆಗೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲವೆಂಬುದು ರೈತನಿಗೆ ಇನ್ನೊಂದು ಅನುಕೂಲ.

ಜಗಳೂರು ಬರದ ನಾಡು. ಕೊಂಡುಕುರಿಯೆಂಬ ನಾಲ್ಕು ಕೊಂಬಿನ ಹುಲ್ಲೆಗೆ ಆಶ್ರಯವಾದ ರಂಗಯ್ಯನದುರ್ಗದ ವನ್ಯಧಾಮ ಇಲ್ಲಿಯದೇ. ಈ ತಾಲ್ಲೂಕಿನಲ್ಲಿ ಕೆಂಪುಮಣ್ಣೂ ಎರೆಭೂಮಿಯೂ ಉಂಟು. ಕೆಂಪುಮಣ್ಣಿನಲ್ಲಿ ಸಿಟ್ರೊನೆಲ್ಲಾ ಚೆನ್ನಾಗಿ ಬೇರೂರುತ್ತದೆ. ಎರೆಯಲ್ಲಿ ನೆಡುವವರು ಗುಣಿಗೆ ಮರಳನ್ನೂ ಕೊಟ್ಟಿಗೆ ಗೊಬ್ಬರವನ್ನೂ ಸೇರಿಸಿ ಮಣ್ಣನ್ನು ಸಡಿಲಗೊಳಿಸತಕ್ಕದ್ದು. ಸ್ನಾನದ ಮನೆಯಿಂದ ಹರಿದುಬರುವ ನೀರು, ಸಾಬೂನಿನ ಅಂಶ ಹೆಚ್ಚಿಲ್ಲದಿದ್ದರೆ, ನಾಲ್ಕಾರು ಬುಡಗಳಿಗೆ ಸಾಕಾಗುತ್ತದೆ. ಬೇರೂರಿದ ಮೇಲೆ ಈ ಹುಲ್ಲು ಕೆಲಕಾಲದ ಬರವನ್ನು ಸಹಿಸಬಲ್ಲದು.

ನೆಡುವ ಕ್ರಮ

ಜಾವಾದ ಬಗೆಯ ಸಿಟ್ರೊನೆಲ್ಲಾವನ್ನು ಬೀಜದಿಂದ ಬೆಳೆಸುವ ರೂಢಿಯಿಲ್ಲ. ಹಳೆಯ ಗುಂಪನ್ನು ಅಗೆದು, ತೆಂಡೆಗಳನ್ನು ಬೇರುಸಹಿತ ಬಿಡಿಸಿ ನೆಡುವುದೇ ಕ್ರಮ. ಒಂದು ವರ್ಷ ಬಲಿತ ಗುಂಪಿನಿಂದ ಹಲವು ತೆಂಡೆಗಳು ದೊರೆಯುತ್ತವೆ. ಆದುದರಿಂದ ಒಂದು ಮನೆಯಲ್ಲಿ ಒಂದು ಬುಡವಿದ್ದರೆ ಮುಂದಿನ ವರ್ಷ ಓಣಿಗೆಲ್ಲ ಹಂಚಬಹುದು.

ಮುಂಗಾರು ಹಿಡಿದ ಮೇಲೆ, ಜೂನ್ ಜುಲೈ ತಿಂಗಳುಗಳಲ್ಲಿ ನೆಡುವುದು ಉತ್ತಮ. ತೆಂಡೆಯ ಎಲೆಗಳನ್ನು ಒಂದು ಗೇಣಿನಷ್ಟು ಉಳಿಸಿ ಮೇಲ್ಭಾಗವನ್ನು ಕತ್ತರಿಸಬೇಕು. ಉದ್ದವಾದ ಹಳೆಯ ಬೇರುಗಳನ್ನೂ ಸವರಬೇಕು. ಎಲೆ ಹೆಚ್ಚಾಗಿದ್ದರೆ ಅದರಿಂದ ಆವಿಯಾಗಿ ಹೋಗುವ ನೀರನ್ನು ಹೊಸ ಬೇರು ಒದಗಿಸಲಾರದೆ ಸಸಿ ಬಾಡುತ್ತದೆಂಬುದೇ ಈ ಕತ್ತರಿಕೆಗೆ ಕಾರಣ. ಒಂದೊಂದು ಗುಣಿಗೆ ಒಂದೆರಡು ತೆಂಡೆಗಳಂತೆ, ಎರಡು ಅಡಿಗೊಂದು ಗುಣಿಯಂತೆ ನೆಟ್ಟು, ಸುತ್ತಲಿನ ಮಣ್ಣನ್ನು ಬಿಗಿಯಾಗಿ ಒತ್ತಿ, ನೀರು ಹಾಕಬೇಕು. ಎರಡು ಮೂರು ವಾರಗಳಲ್ಲಿ ಹೊಸ ಗರಿಗಳು ಕಾಣಿಸಿಕೊಳ್ಳುತ್ತವೆ.

ಅಂಗಳವಿಲ್ಲದವರು ಕುಂಡದಲ್ಲಿ ಬೆಳೆಸಬಹುದು. ಕುಂಡದ ಬಾಯಿ ಒಂದು ಅಡಿಗಿಂತ ಕಿರಿದಾಗಿರಬಾರದು, ತಳದಲ್ಲಿ ರಂಧ್ರವಿರಲೇಬೇಕು. ಕೆಂಪುಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ ಇವುಗಳನ್ನು ಸಮಭಾಗವಾಗಿ ಬೆರೆಸಿ ತುಂಬಬೇಕು. ಕುಂಡದ ಕೆಳಗೆ ತಟ್ಟೆ ಇಡುವ ಅಭ್ಯಾಸವನ್ನು ಬಿಡಬೇಕು. ಇಟ್ಟರೆ ಅದರಲ್ಲಿ ಮರಳನ್ನು ತುಂಬಬೇಕು. ಇದರ ಕಾರಣ ಮುಂದೆ ತಿಳಿದುಬರುತ್ತದೆ. ವರ್ಷಕ್ಕೊಮ್ಮೆ ಗುಂಪನ್ನು ಒಡೆದು ಬೇರೆ ಕುಂಡಗಳಿಗೆ ವಿಭಾಗಿಸದಿದ್ದರೆ ಬೇರು ಇಕ್ಕಟ್ಟಾಗಿ ನಡುವಣ ತೆಂಡೆಗಳು ಒಣಗುತ್ತವೆ.

ಕೊಯ್ಲು ಮತ್ತು ಭಟ್ಟಿ

ನೆಟ್ಟ ಐದಾರು ತಿಂಗಳಿಗೆ ಮೊದಲ ಕೊಯ್ಲು. ಅನಂತರ ಎರಡೂವರೆ ಮೂರು ತಿಂಗಳಿಗೊಮ್ಮೆ ಕೊಯ್ಯಬಹುದು. ನೆಲದಿಂದ 15ರಿಂದ 20 ಸೆಂಟಿಮೀಟರು ಬಿಟ್ಟು ಕುಡುಗೋಲಿನಿಂದ ಕೊಯ್ಯಬೇಕು. ತೀರ ಬುಡಕ್ಕೆ ಕೊಯ್ದರೆ ಚಿಗುರುವ ಶಕ್ತಿ ಕುಂದುತ್ತದೆ. ಎಲೆಯ ಅಂಚು ಹರಿತವಾಗಿರುವುದರಿಂದ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಬಾರದು. ಹೀಗೆ ನೋಡಿಕೊಂಡರೆ ಒಂದು ನೆಡುತೋಪು ನಾಲ್ಕೈದು ವರ್ಷ ಫಲ ಕೊಡುತ್ತದೆ.

ಎಲೆಯಲ್ಲಿ ತೈಲದ ಪ್ರಮಾಣ ನೂರಕ್ಕೆ ಒಂದರ ಆಸುಪಾಸು. ಎಂದರೆ ಒಂದು ಕಿಲೋ ಹಸಿ ಎಲೆಯಲ್ಲಿ ಸುಮಾರು 10 ಗ್ರಾಂ. ಈ ತೈಲವನ್ನು ತೆಗೆಯುವುದು ಹಬೆಯ ಭಟ್ಟಿಯಿಂದ. ಬಿಸಿ ಹಬೆ ಎಲೆಗಳ ನಡುವೆ ಹಾದುಹೋಗುವಾಗ ತೈಲವನ್ನು ಆವಿಯ ರೂಪದಲ್ಲಿ ತನ್ನೊಡನೆ ಕೊಂಡೊಯ್ಯುತ್ತದೆ; ತಣ್ಣೀರಿನಲ್ಲಿ ಮುಳುಗಿದ ಕೊಳವೆಯಲ್ಲಿ ಎರಡೂ ಮತ್ತೆ ದ್ರವವಾಗುತ್ತವೆ; ನೀರಿಗಿಂತ ಹಗುರವಾದ ತೈಲ ಮೇಲೆ ತೇಲುತ್ತದೆ. 1959ರಲ್ಲಿ ಆರಂಭವಾದ, ಲಖನೌದಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯು ಈ ಬೆಳೆಗಳ ತಳಿ ಹಾಗೂ ಭಟ್ಟಿಯ ವಿಧಾನಗಳ ಕುರಿತು ಕೆಲಸ ಮಾಡುತ್ತಿದ್ದು, ಬೆಂಗಳೂರಿನಲ್ಲಿಯೂ ಅದರ ಸಂಶೋಧನಾ ಕೇಂದ್ರವಿದೆ.

ಮನೆಯಲ್ಲಿ ಈ ತತ್ತ್ವವನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಬಹುದು. ಅಗಲವಾದ ಪಾತ್ರೆಯಲ್ಲಿ ಹೆಚ್ಚಿದ ಎಲೆಗಳನ್ನೂ ನೀರನ್ನೂ ಹಾಕಿ, ನಡುವೆ ಒಂದು ಕಲ್ಲಿನ ಮೇಲೆ ಬಟ್ಟಲನ್ನು ಇಟ್ಟು, ಪಾತ್ರೆಯ ಮುಚ್ಚಳವನ್ನು ತಲೆಕೆಳಗಾಗಿ ಮುಚ್ಚಿ, ಅದರ ಮೇಲೆ ತಣ್ಣೀರು ಹಾಕಿ, ಸಣ್ಣ ಉರಿಯಲ್ಲಿ ಕಾಯಿಸಬೇಕು. ಮುಚ್ಚಳದ ನಡುವಿನಿಂದ ಹನಿಹನಿಯಾಗಿ ಬಟ್ಟಲಿಗೆ ಇಳಿಯುವುದೇ ಸುಗಂಧಜಲ. ಅದರ ಮೇಲೆ ತೈಲದ ತೆಳುವಾದ ಪೊರೆ ಕಾಣುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಅಧ್ಯಾಪಕರ ಸಮ್ಮುಖದಲ್ಲಿ ತೋರಿಸಲು ಇದು ಒಳ್ಳೆಯ ಪಾಠ.

ಬಳಕೆ

ಹೆಚ್ಚಿದ ಎಲೆಯನ್ನು ಕುದಿಸಿ ಸೋಸಿದ ನೀರು ನೆಲ ಒರೆಸಲು ಒದಗುತ್ತದೆ. ನೆರಳಲ್ಲಿ ಒಣಗಿಸಿದ ಎಲೆಗಳನ್ನು ಸಣ್ಣ ಬಟ್ಟೆಯ ಚೀಲದಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿ, ಬಟ್ಟೆಯ ಕಪಾಟಿನಲ್ಲಿ ಇಟ್ಟರೆ ಮುಗ್ಗಲು ವಾಸನೆ ಅಡಗುತ್ತದೆ. ಭಟ್ಟಿಯಾದ ಮೇಲೆ ಉಳಿದ ಎಲೆ ಗಿಡಗಳ ಬುಡಕ್ಕೆ ಹೊದಿಕೆಯಾಗುತ್ತದೆ; ಕೊಳೆತು ಗೊಬ್ಬರವೂ ಆಗುತ್ತದೆ.

ಅಂಗಡಿಯಲ್ಲಿ ದೊರೆಯುವ ಶುದ್ಧತೈಲವನ್ನು ಎಂದಿಗೂ ನೇರವಾಗಿ ಮೈಗೆ ಹಚ್ಚಬಾರದು. 100 ಮಿಲಿಲೀಟರು ಕೊಬ್ಬರಿ ಎಣ್ಣೆಗೆ ಒಂದು ಚಹದ ಚಮಚಕ್ಕೆ ಮೀರದಂತೆ ಬೆರೆಸಿ, ಮೊದಲು ಮೊಳಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಒಂದು ದಿನ ನೋಡಿ, ತುರಿಕೆ ಕೆಂಪುಗಳಿಲ್ಲವೆಂದು ಖಚಿತವಾದ ಮೇಲೆಯೇ ಬಳಸಬೇಕು. ಹಸುಗೂಸುಗಳಿಗೆ ಹಚ್ಚಬಾರದು. ಕಣ್ಣು, ಬಾಯಿಗಳಿಂದ ದೂರವಿಡಬೇಕು. ತೈಲವನ್ನು ಕುಡಿಯುವುದು ಅಪಾಯಕರ. ಶೀಷೆಯನ್ನು ಮಕ್ಕಳ ಕೈಗೆ ಎಟುಕದಂತೆಯೂ ಬೆಂಕಿಯಿಂದ ದೂರದಲ್ಲಿಯೂ ಇಡಬೇಕು.

ಗಿಡದ ಮಿತಿ

ಇನ್ನು ಮುಖ್ಯವಾದ ವಿಷಯ. ಸಿಟ್ರೊನೆಲ್ಲಾ ತೈಲಕ್ಕೆ ಸೊಳ್ಳೆಯನ್ನು ದೂರವಿಡುವ ಗುಣವಿರುವುದು ನಿಜ. ಅಮೆರಿಕದಲ್ಲಿ 1948ರಿಂದಲೂ ಅದು ಕೀಟನಿವಾರಕವಾಗಿ ನೋಂದಾಯಿತವಾಗಿದೆ. ಆದರೆ ಅದೇ ದೇಶದಲ್ಲಿ 2002ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಸಿಟ್ರೊನೆಲ್ಲಾದ ಲೇಪಗಳು ಸರಾಸರಿ ಇಪ್ಪತ್ತು ನಿಮಿಷವೂ ರಕ್ಷಣೆ ಕೊಡಲಿಲ್ಲ. 'ಡೀಟ್' ಎಂಬ ರಾಸಾಯನಿಕದ ಲೇಪ ಐದು ಗಂಟೆಗಳ ಕಾಲ ಕೊಟ್ಟಿತು. ಕಾರಣ ಸ್ಪಷ್ಟ: ಬೇಗ ಆವಿಯಾಗುವುದರಿಂದಲೇ ಅದಕ್ಕೆ ಗಂಧ, ಬೇಗ ಆವಿಯಾಗುವುದರಿಂದಲೇ ಅದರ ಶಕ್ತಿಗೆ ಅಲ್ಪಾಯುಷ್ಯ. ತೈಲದ ಸ್ಥಿತಿಯೇ ಹೀಗಿರುವಾಗ ಗಿಡದ ಮಾತೇನು? ಎಲೆಯ ತೈಲ ಅದರ ಒಳಗೇ ಅಡಗಿರುತ್ತದೆ. ಉಜ್ಜಿದಾಗ, ಕತ್ತರಿಸಿದಾಗ ಮಾತ್ರ ಹೊರಬರುತ್ತದೆ. ಕಿಟಕಿಯ ಬಳಿ ಸುಮ್ಮನೆ ನಿಂತಿರುವ ಗಿಡ ಮನೆಯೊಳಗಣ ಸೊಳ್ಳೆಯನ್ನು ಓಡಿಸಲಾರದು.

ಗಿಡವನ್ನು ನಂಬಿ ನೀರನ್ನು ಮರೆತರೆ ಒದಗುವ ಹಾನಿ ಅಲ್ಪವಾದುದಲ್ಲ. ಡೆಂಗ್ಯೂ, ಚಿಕೂನ್‌ಗುನ್ಯಾ ಜ್ವರಗಳನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುವಂತಹುದು. ಅದು ಮೊಟ್ಟೆಯಿಡುವುದು ಚರಂಡಿಯಲ್ಲಲ್ಲ, ಮನೆಯ ಸುತ್ತಲಿನ ತಿಳಿನೀರಿನಲ್ಲಿ. ಮೊಟ್ಟೆ ಒಡೆದು, ಹುಳುವಾಗಿ, ರೆಕ್ಕೆ ಬಂದು ಹಾರಲು ವಾರ ಹತ್ತು ದಿನ ಸಾಕು. ಒಣಗಿದ ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದೊಡನೆ ಒಡೆಯುತ್ತವೆ. ಕುಂಡದ ಕೆಳಗಣ ತಟ್ಟೆಗೆ ಮರಳು ತುಂಬಬೇಕೆಂದುದು ಈ ಕಾರಣದಿಂದ. ಸೊಳ್ಳೆಯನ್ನು ಓಡಿಸಲೆಂದು ನೆಟ್ಟ ಕುಂಡದ ತಟ್ಟೆಯಲ್ಲಿಯೇ ಸೊಳ್ಳೆ ಸಂಸಾರ ಹೂಡಿದರೆ ಅದಕ್ಕಿಂತ ವಿಪರ್ಯಾಸ ಬೇರೊಂದಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಒಂದೊಂದು ಸೀಮೆಯ ಅಪಾಯ ಒಂದೊಂದು ಬಗೆಯದು. ಚನ್ನಗಿರಿಯ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆಗಳು ದೊನ್ನೆಗಳಂತೆ ಮಳೆಯ ನೀರನ್ನು ಹಿಡಿದಿಡುತ್ತವೆ; ಅವುಗಳನ್ನು ವಾರವಾರವೂ ಆಯ್ದು ಕವುಚಿ ಹಾಕಬೇಕು. ಹೊನ್ನಾಳಿ, ನ್ಯಾಮತಿಗಳ ಹಿತ್ತಲುಗಳಲ್ಲಿ ತೆಂಗಿನ ಚಿಪ್ಪು, ಹಳೆಯ ಟೈರು, ಬಳಸದ ಒರಳುಕಲ್ಲು ಇವು ನೀರು ನಿಲ್ಲುವ ತಾಣಗಳು. ಜಗಳೂರಿನ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಮಳೆ ಹೆಚ್ಚಿರುವಲ್ಲಿ ಮಾತ್ರ ಸೊಳ್ಳೆ ಎಂಬ ಭಾವನೆ ತಪ್ಪು. ನೀರು ದಿನವೂ ಬಾರದ ಊರಿನಲ್ಲಿ ಜನ ಡ್ರಮ್ಮು, ಹಂಡೆ, ತೊಟ್ಟಿಗಳಲ್ಲಿ ನೀರನ್ನು ದಿನಗಟ್ಟಲೆ ಕೂಡಿಡಲೇಬೇಕಾಗುತ್ತದೆ. ಆ ತಿಳಿನೀರೇ ಈಡಿಸ್ ಸೊಳ್ಳೆಗೆ ತೊಟ್ಟಿಲು. ಹೀಗೆ ಬರವೇ ಜ್ವರಕ್ಕೆ ದಾರಿಯಾಗುತ್ತದೆ. ಅಲ್ಲಿ ನೀರನ್ನು ಚೆಲ್ಲಿರೆಂದು ಹೇಳುವುದು ನ್ಯಾಯವಲ್ಲ. ಬಿಗಿಯಾದ ಮುಚ್ಚಳ, ಇಲ್ಲವೆ ಬಾಯಿಗೆ ಕಟ್ಟಿದ ದಟ್ಟವಾದ ಬಟ್ಟೆ, ತೊಟ್ಟಿ ಬರಿದಾದಾಗಲೆಲ್ಲ ಅದರ ಗೋಡೆಯನ್ನು ತಿಕ್ಕಿ ತೊಳೆಯುವುದು, ಇವು ಅಲ್ಲಿಗೆ ತಕ್ಕ ಉಪಾಯಗಳು.

ಈ ತಿಳಿವಳಿಕೆಯ ಮೊದಲ ಮಿಂಚು ಹೊಳೆದುದು ಕನ್ನಡನಾಡಿನಲ್ಲಿಯೇ ಎಂಬುದು ಅನೇಕರಿಗೆ ತಿಳಿಯದು. ಮಲೇರಿಯಾದ ರೋಗಾಣು ಸೊಳ್ಳೆಯ ಒಡಲಲ್ಲಿರುವುದನ್ನು 1897ರಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮೊದಲು 1883ರಲ್ಲಿ ಬೆಂಗಳೂರಿನಲ್ಲಿ ಸೈನ್ಯದ ವೈದ್ಯನಾಗಿದ್ದನು. ತನ್ನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿರುವುದನ್ನು ನೋಡಿ, ಅವು ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಟ್ಟುತ್ತಿರುವುದನ್ನು ಗುರುತಿಸಿ, ಆ ನೀರನ್ನು ಚೆಲ್ಲಿಸಿದನು, ಕಾಟ ತಗ್ಗಿತು. ಮುಂದೆ ನೊಬೆಲ್ ಪಾರಿತೋಷಕ ಪಡೆದ ಆ ಮಹಾಶಯ ಅಂದು ಮಾಡಿದ ಕೆಲಸ ಯಾವ ಗೃಹಿಣಿಯೂ, ಯಾವ ವಿದ್ಯಾರ್ಥಿಯೂ ಮಾಡಬಹುದಾದುದೇ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಗೊಟ್ಟವರಿಗೆ ದಂಡ ವಿಧಿಸುವ ನಿಯಮವನ್ನೂ ಮಾಡಿತು. ದಂಡಕ್ಕೆ ಅಂಜಿ ಮಾಡುವುದಕ್ಕಿಂತ ಅರಿತು ಮಾಡುವುದು ಮೇಲು.

ಹಾಗಾದರೆ ಸಿಟ್ರೊನೆಲ್ಲಾವನ್ನು ನೆಡುವುದು ವ್ಯರ್ಥವೇ? ಎಂದಿಗೂ ಅಲ್ಲ. ಅದು ಮಣ್ಣನ್ನು ಹಿಡಿಯುತ್ತದೆ, ಮನೆಗೆ ಗಂಧವನ್ನು ಕೊಡುತ್ತದೆ, ಭಟ್ಟಿಯ ಪಾಠಕ್ಕೆ ಸಾಧನವಾಗುತ್ತದೆ. ಅದರಿಂದ ಅದು ಕೊಡಲಾರದುದನ್ನು ಬೇಡಬಾರದು, ಅಷ್ಟೇ. ಶಾಲೆಯ ಕೈತೋಟದ ಬಿಸಿಲಿನ ಮಗ್ಗುಲಲ್ಲಿ ಒಂದು ಸಾಲು ಸಿಟ್ರೊನೆಲ್ಲಾವನ್ನು ನೆಟ್ಟು, ಪ್ರತಿ ಶನಿವಾರ ಮಕ್ಕಳು ಅದಕ್ಕೆ ನೀರು ಹಾಕುವ ಹೊತ್ತಿನಲ್ಲಿಯೇ ಶಾಲೆಯ ಆವರಣದ ಪ್ರತಿಯೊಂದು ತೊಟ್ಟಿ, ತಟ್ಟೆ, ಚಿಪ್ಪುಗಳನ್ನು ಪರೀಕ್ಷಿಸುವ ಪದ್ಧತಿಯನ್ನು ಅಧ್ಯಾಪಕರು ಹಾಕಿಕೊಡಬಹುದು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ನೀರಿನ ತೊಟ್ಟಿಗಳಿಗೆ ಭದ್ರವಾದ ಮುಚ್ಚಳಗಳನ್ನು ಮಾಡಿಸಿಕೊಟ್ಟರೆ ಅದು ಸಣ್ಣ ದಾನವೆನಿಸದು. ವರ್ಷಾಂತ್ಯದಲ್ಲಿ ಪ್ರತಿ ವಿದ್ಯಾರ್ಥಿ ಒಂದು ತೆಂಡೆಯನ್ನು ಮನೆಗೆ ಕೊಂಡೊಯ್ದು ನೆಡಲಿ. ಅದರೊಡನೆ ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ತಿಕ್ಕಿ ತೊಳೆಯುವ ಅಭ್ಯಾಸವನ್ನೂ ಕೊಂಡೊಯ್ಯಲಿ. ಗಂಧ ಹುಲ್ಲಿನದು, ಆರೋಗ್ಯ ಆ ಅಭ್ಯಾಸದ್ದು.